ಗೀರದೆ ಉಳಿದ ಬೆಂಕಿಕಡ್ಡಿ

2002ರ ಫೆಬ್ರವರಿ. ಆಗ ನಾವು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ನನ್ನವರು ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು. ನಾನು ಮದುವೆಯಾಗಿ ಮೈಸೂರಿನಿಂದ ಬಂದು ಒಂದೂವರೆ ವರ್ಷವಾಗಿತ್ತು. ಹೊಟ್ಟೆಯಲ್ಲಿದ್ದ ಮಗುವಿಗೆ ಏಳು ತಿಂಗಳು ತುಂಬಿತ್ತು.

ಬಸಿರಿಯರಿಗೆ ವಾಂತಿ, ಸೊಂಟನೋವು ಬರುವುದು ಎಲ್ಲರಿಗೂ ಗೊತ್ತು. ನನ್ನ ಕಷ್ಟವೆಲ್ಲ ಮೂಗಿಗೆ ಬಂದಿತ್ತು. ನಾಲ್ಕನೇ ತಿಂಗಳಲ್ಲಿ ಕಟ್ಟಿದ ಮೂಗು ಬಿಡಲೇ ಇಲ್ಲ. ನೆಗಡಿಯಲ್ಲ, ಜ್ವರವಿಲ್ಲ, ಸುಮ್ಮನೆ ಎರಡೂ ಹೊಳ್ಳೆ ಬಂದ್. ಮಲಗಿದರೆ ಬಾಯಿ ಒಣಗಿ ಎಚ್ಚರವಾಗುತ್ತಿತ್ತು. ನಮ್ಮ ಬಡಾವಣೆಯ ಡಾಕ್ಟರು, ಅಲ್ಲಿನವರ ಮಾತಿನಲ್ಲಿ ಜಿಪಿ, ಅವರನ್ನು ಕೇಳಿದರೆ ಗರ್ಭಿಣಿಯರಲ್ಲಿ ಇದು ಮಾಮೂಲು, ದಿಂಬು ಎತ್ತರಿಸಿ ಮಲಗಿ, ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ ಎಂದರು. ನನ್ನವರು ಅದನ್ನೇ ಕನ್ನಡದಲ್ಲಿ ಹೇಳಿದರು. ನಿಜ ಹೇಳಬೇಕೆಂದರೆ ವಾಸನೆ ಹೋಗಿದ್ದಕ್ಕೆ ನನಗೆ ಒಳಗೊಳಗೇ ಖುಷಿಯಾಗಿತ್ತು. ಮೊದಲ ಮೂರು ತಿಂಗಳು ಒಗ್ಗರಣೆಯ ವಾಸನೆಗೇ ಸಿಂಕಿಗೆ ಓಡುತ್ತಿದ್ದವಳು ಈಗ ಧಾರಾಳವಾಗಿ ಇಂಗು ಹಾಕಿ ಸಾರು ಮಾಡಿಕೊಂಡು ತಿನ್ನುತ್ತಿದ್ದೆ.

ಅಮ್ಮ ಮಾತ್ರ ಫೋನ್ ಮಾಡಿದಾಗಲೆಲ್ಲ ಓಮ ಹಾಕಿದ ನೀರಿನ ಹಬೆ ತೆಗೆದುಕೋ ಎನ್ನುತ್ತಿದ್ದಳು. ಒಂದು ಬೆಳಗ್ಗೆ ನನ್ನವರು ಡ್ಯೂಟಿಗೆ ಹೋದ ಮೇಲೆ ಪಾತ್ರೆಯ ತುಂಬ ನೀರು ಹಾಕಿ, ಒಂದು ಹಿಡಿ ಓಮ ಸುರಿದು, ಒಲೆಯ ಮೇಲಿಟ್ಟು ಸ್ನಾನಕ್ಕೆ ಮೇಲೆ ಹೋದೆ. ಇಳಿದು ಬಂದು ನೋಡಿದರೆ ಒಲೆಯ ಸುತ್ತ ನೀರು ಚೆಲ್ಲಿತ್ತು, ಉರಿ ಇರಲಿಲ್ಲ. ನಾನೇ ಆರಿಸಿ ಹೋಗಿರಬೇಕು ಅಂದುಕೊಂಡೆ. ಅದು ಫ್ರಿಜ್ ಬಾಗಿಲು ತೆಗೆದು, ಯಾಕೆ ತೆಗೆದೆ ಎಂದು ನಿಂತುಬಿಡುತ್ತಿದ್ದ ಕಾಲ. ನೀರು ಇನ್ನೂ ಬಿಸಿಯಾಗಿತ್ತು. ಅಲ್ಲೇ ಮೇಜಿನ ಮೇಲಿಟ್ಟುಕೊಂಡು, ತಲೆಗೆ ಟವೆಲ್ ಹೊದ್ದು ಹತ್ತು ನಿಮಿಷ ಹಬೆ ತೆಗೆದುಕೊಂಡೆ. ಎದ್ದಾಗ ತಲೆ ಭಾರವಾಗಿತ್ತು. ಹಬೆಗೆ ಹಾಗಾಗುತ್ತದೆ ಎಂದು ಸುಮ್ಮನಾದೆ.

ಅಡುಗೆಮನೆಯ ಕಪಾಟಿನ ಒಂದು ಅರೆಯೇ ನಮ್ಮ ದೇವರ ಮನೆ. ಬತ್ತಿ ಸರಿಮಾಡಿ, ಎಣ್ಣೆ ಹಾಕಿ, ಬೆಂಕಿಪೊಟ್ಟಣದಿಂದ ಕಡ್ಡಿ ತೆಗೆದೆ. ಅಷ್ಟರಲ್ಲಿ ಮುಂಬಾಗಿಲಿನಲ್ಲಿ ಕಾಗದ ಹಾಕಲೆಂದು ಕೊರೆದ ಕಿಂಡಿ ಪಟ್ ಎಂದಿತು. ಕಾಗದ ಬೀಳಲಿಲ್ಲ. ಕಿಂಡಿಯೊಳಗಿಂದ ಒಬ್ಬ ಗಂಡಸು ಕೂಗಿದ. ಗ್ಯಾಸ್ ವಾಸನೆ ಬರುತ್ತಿದೆ, ಬಾಗಿಲು ತೆಗಿ, ಏನನ್ನೂ ಹಚ್ಚಬೇಡ, ಸ್ವಿಚ್ ಮುಟ್ಟಬೇಡ ಅಂದ.

ನನಗೆ ಭಯವಾಯಿತು. ಗ್ಯಾಸಿನ ಭಯವಲ್ಲ, ಅವನ ಭಯ. ಗ್ಯಾಸಿನವರು, ನೀರಿನವರು ಎಂದು ಹೇಳಿಕೊಂಡು ಒಂಟಿ ಹೆಂಗಸರ ಮನೆಗೆ ನುಗ್ಗುವವರಿದ್ದಾರೆ, ಜೋಕೆ ಎಂದು ಆ ವಾರವಷ್ಟೇ ಒಂದು ಕರಪತ್ರ ಬಂದಿತ್ತು. ನನ್ನವರು ಅದನ್ನು ಫ್ರಿಜ್ಜಿಗೆ ಅಂಟಿಸಿ, ಯಾರೇ ಬಂದರೂ ಬಾಗಿಲ ಚೈನ್ ತೆಗೆಯಬೇಡ ಎಂದು ಎರಡು ಸಲ ಹೇಳಿದ್ದರು. ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಉಸಿರು ಬಿಗಿಹಿಡಿದು ನಿಂತೆ. ಸದ್ದು ಮಾಡದಿದ್ದರೆ ಹೋಗುತ್ತಾನೆ ಅಂದುಕೊಂಡೆ. ಅವನು ಬಾಗಿಲು ಗುದ್ದತೊಡಗಿದ.

ಇಷ್ಟಕ್ಕೂ ಗ್ಯಾಸ್ ಸೋರಿದ್ದರೆ ಒಳಗಿರುವ ನನಗೆ ವಾಸನೆ ಬರುವುದಿಲ್ಲವೇ? ಇವನು ಸುಳ್ಳ ಅನಿಸಿತು. ದೀಪ ಹಚ್ಚಿ ದೇವರ ಮುಂದೆ ನಿಂತರೆ ಧೈರ್ಯ ಬಂದೀತು ಎಂದು ಕಡ್ಡಿಯನ್ನು ಪೊಟ್ಟಣಕ್ಕೆ ಒತ್ತಿದೆ.

ಆಗ ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿನ ಪಾತ್ರೆ. ನೀರಿನಲ್ಲಿ ಓಮ ತೇಲುತ್ತಿತ್ತು. ಹತ್ತು ನಿಮಿಷ ಅದರ ಮೇಲೆ ಮುಖವಿಟ್ಟು ಕೂತಿದ್ದೆನಲ್ಲ, ಓಮದ ಘಾಟು ಒಂದಿಷ್ಟಾದರೂ ಬಂದಿತ್ತೇ? ಮೂರು ತಿಂಗಳಿಂದ ನನಗೆ ಯಾವ ವಾಸನೆ ತಾನೇ ಬಂದಿತ್ತು? ತಿರುಗಿ ಒಲೆ ನೋಡಿದೆ. ಗ್ಯಾಸಿನ ತಿರುಗಣೆ ನಾನು ತಿರುಗಿಸಿಟ್ಟಲ್ಲೇ ಇತ್ತು. ನೀರು ಉಕ್ಕಿ ಉರಿ ಆರಿತ್ತು, ಗ್ಯಾಸ್ ಮಾತ್ರ ಸೋರುತ್ತಲೇ ಇತ್ತು.

ತಿರುಗಣೆ ಹೇಗೆ ಮುಚ್ಚಿದೆನೋ, ಬಾಗಿಲು ಹೇಗೆ ತೆಗೆದೆನೋ ನೆನಪಿಲ್ಲ. ಹೊರಗೆ ನಿಂತಿದ್ದವನು ಪೋಸ್ಟ್‌ಮ್ಯಾನ್, ಐವತ್ತು ದಾಟಿದವನು, ಆ ಚಳಿಯಲ್ಲೂ ಚಡ್ಡಿ ಹಾಕಿದ್ದ. ನನ್ನನ್ನು ಬೀದಿಯ ಆಚೆ ಬದಿಗೆ ಕರೆದೊಯ್ದು ಮೋಟುಗೋಡೆಯ ಮೇಲೆ ಕೂರಿಸಿ ತನ್ನ ಕೋಟು ಹೊದಿಸಿದ. ಆಮೇಲೆ ನನ್ನ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೆಂಕಿಪೊಟ್ಟಣ ತೆಗೆದುಕೊಂಡ. ಅದನ್ನು ನೋಡಿ ಅವನ ಮುಖದ ಬಣ್ಣವೇ ಹೋಯಿತು. ಮೆಲ್ಲಗೆ, ಮಗು ಒದೆಯುತ್ತಿದೆಯಾ ಎಂದು ಕೇಳಿದ.

ಹೊಟ್ಟೆಯ ಮೇಲೆ ಕೈಯಿಟ್ಟೆ. ದಿನಾ ಬೆಳಗ್ಗೆ ಕಾಫಿ ಕುಡಿದ ಕೂಡಲೇ ಒದೆಯುತ್ತಿದ್ದ ಮಗು ಅಲ್ಲಾಡಲಿಲ್ಲ. ಬಲಕ್ಕೆ ಒತ್ತಿದೆ, ಎಡಕ್ಕೆ ಒತ್ತಿದೆ. ಇಲ್ಲ. ಅಂಥ ಭಯವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಪಕ್ಕದ ಮನೆಯವರು ಗ್ಯಾಸಿನವರಿಗೂ ನನ್ನವರಿಗೂ ಫೋನ್ ಮಾಡಿದರು. ನನ್ನವರು ಓಡಿಬಂದು ನನ್ನನ್ನು ಆಸ್ಪತ್ರೆಗೆ ಕರೆದೊಯ್ದರು. "ಏನೂ ಆಗಿರಲ್ಲ ಕಣೇ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ಮಿಡ್‌ವೈಫ್ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿ ಯಂತ್ರ ಒತ್ತಿದಳು. ಮೊದಲು ಬರೀ ಗೊರಗೊರ. ಆಮೇಲೆ ದಡದಡ ಎದೆಬಡಿತ ಕೇಳಿಸಿತು. ನಾನು ಅಲ್ಲೇ ಗಟ್ಟಿಯಾಗಿ ಅತ್ತುಬಿಟ್ಟೆ.

ಆ ಪೋಸ್ಟ್‌ಮ್ಯಾನ್ ಆಮೇಲೆ ದಿನಾ ಕಾಗದ ಹಾಕುವಾಗ ಕಿಂಡಿಯಲ್ಲಿ ಬಗ್ಗಿ, ಒಳಗೆ ಎಲ್ಲ ಕ್ಷೇಮವೇ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದ. ಅವನನ್ನು ಕಳ್ಳ ಅಂದುಕೊಂಡು ಒಳಗೆ ಅಡಗಿ ನಿಂತಿದ್ದೆ ಎಂದು ಹೇಳಲು ನನಗೆ ಕೊನೆಗೂ ಬಾಯಿ ಬರಲಿಲ್ಲ.

ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಜಿಪಿ ಹೇಳಿದ ಹಾಗೇ ವಾರದೊಳಗೆ ಮೂಗು ಬಿಟ್ಟಿತು. ಆದರೆ ಅದರ ಮೇಲಿನ ನಂಬಿಕೆ ಮಾತ್ರ ತಿರುಗಿ ಬರಲಿಲ್ಲ. ಮಗಳಿಗೀಗ ಏಳು ವರ್ಷ. ಇಂದಿಗೂ ದೀಪ ಹಚ್ಚುವ ಮೊದಲು ಅವಳನ್ನು ಕೂಗುತ್ತೇನೆ.

"ಪುಟ್ಟಿ, ಬಾ ಇಲ್ಲಿ, ಸ್ವಲ್ಪ ಮೂಸಿ ಹೇಳು."

ಯಾಕೆಂದು ಅವಳಿಗೆ ಗೊತ್ತಿಲ್ಲ. ಇದೂ ಪೂಜೆಯ ಒಂದು ಶಾಸ್ತ್ರ ಅಂದುಕೊಂಡಿದ್ದಾಳೆ. ಬಂದು, ಕಣ್ಣು ಮುಚ್ಚಿ, ಜೋರಾಗಿ ಉಸಿರೆಳೆದುಕೊಳ್ಳುತ್ತಾಳೆ.

"ನಥಿಂಗ್, ಅಮ್ಮ. ಯು ಕ್ಯಾನ್ ಲೈಟ್ ಇಟ್."

ಆಮೇಲೆಯೇ ನಾನು ಕಡ್ಡಿ ಗೀರುವುದು.