ಅಗ್ಗದ ಮಾವನ ತೋಟಾ ಡಬ್ಬಿ

ನನ್ನ ಸೋದರಮಾವನಿಗೆ ಬಂದೂಕಿನ ಅಂಗಡಿ ಇದೆ ಎಂದರೆ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಸರಿಯಬೇಕಾಗಿಲ್ಲ. ಇಷ್ಟು ವರ್ಷಗಳಲ್ಲಿ ಆ ಅಂಗಡಿಯಿಂದ ಪೆಟ್ಟು ತಿಂದದ್ದು ವ್ಯಾಪಾರ ಒಂದೇ, ಅದೂ ಮಾವನ ಬಾಯಿಂದ.

ಗಿರಾಕಿ ಬಂದು ಬಂದೂಕಿಗೆ ತುಂಬುವ ತೋಟಾದ ಬೆಲೆ ಕೇಳಿದರೆ ಬೇರೆ ವ್ಯಾಪಾರಿಗಳು ಬೆಲೆ ಹೇಳುತ್ತಾರೆ. ಮಾವ ಮೊದಲು ಹಳೆಯ ಬೆಲೆ ಹೇಳುತ್ತಾನೆ.

"ಕ್ಷೌರ ಮಾಡಿಸ್ಕೊಳ್ಳೋ ದುಡ್ಡಿಗೆ ಒಂದು ಡಬ್ಬಿ ತೋಟಾ ಬರ್ತಿತ್ತು ಸ್ವಾಮಿ!"

ಗಿರಾಕಿ ಖುಷಿಯಿಂದ ಜೇಬಿಗೆ ಕೈ ಹಾಕುತ್ತಾನೆ. "ಅದು ಆಗ. ಈಗಿಂದು ಕೇಳಿದ್ರೆ ಹೊಟ್ಟೆ ಉರಿಯುತ್ತೆ" ಎಂದು ಮಾವ ಈಗಿನದನ್ನು ಹೇಳುತ್ತಾನೆ. ಗಿರಾಕಿಯ ಕೈ ಜೇಬಿನಲ್ಲೇ ಉಳಿಯುತ್ತದೆ. ಗಲ್ಲಾದ ಹಿಂದೆ ಕೂತ ಅತ್ತೆ ಹಣೆ ಚಚ್ಚಿಕೊಳ್ಳುತ್ತಾಳೆ. ಈ ಚಾಳಿಯಿಂದಾಗಿಯೇ ಬೀದಿಯವರೆಲ್ಲ ಅವನನ್ನು ಅಗ್ಗದ ಮಾವ ಎಂದು ಕರೆಯುವುದು.

ಪಕ್ಕದಂಗಡಿಯ ಕ್ಷೌರದವನಿಗೂ ಇದು ಕೇಳಿ ಕೇಳಿ ಸಾಕಾಗಿತ್ತು. "ಆಗ ನಿಮ್ಮ ತಲೇಲಿ ಕೂದ್ಲೂ ಇತ್ತು ಮಾವ, ನಾವೂ ಡಬ್ಬಿ ತೋಟಾದಷ್ಟು ತಗೊಳ್ತಿದ್ವಿ. ಈಗ ನಿಮ್ಮತ್ರ ಅರ್ಧ ಚಾರ್ಜು ತಗೊಂಡ್ರೂ ಪಾಪ ಬರುತ್ತೆ" ಎನ್ನುತ್ತಿದ್ದ.

ಮಾವ ಕೆಲಸಗಾರನಾಗಿ ಮಾತ್ರ ಅಪ್ಪಟ. ಹಿಂದಿನ ಕೋಣೆಯಲ್ಲಿ ಕಿಟಕಿಗೆ ಒತ್ತಿಸಿದ ಉದ್ದನೆಯ ಮೇಜು, ಎಣ್ಣೆ ಕುಡಿದು ಕಪ್ಪಾದ ಬಟ್ಟೆಗಳು, ಗೋಡೆಗೆ ಒರಗಿಸಿದ ಮರದ ಹಿಡಿಗಳು. ಬಂದೂಕಿನ ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ಒಳಗೆ ಇಣುಕಿದರೆ ಅದರ ಹುಟ್ಟಿದೂರಿನಿಂದ ಹಿಡಿದು ಎಲ್ಲ ಹೇಳಬಲ್ಲ. ಹರೆಯದಲ್ಲಿ ತನ್ನ ಅಪ್ಪ ಸೈಕಲ್ ತರಲು ಕೊಟ್ಟ ದುಡ್ಡಿನಲ್ಲಿ ಅವನು ಬಂದೂಕು ತಂದಿದ್ದನಂತೆ, ಮಿಕ್ಕಿದ್ದಕ್ಕೆ ತೋಟಾ. "ಅಷ್ಟು ಅಗ್ಗ!" ಎಂದು ಮಾವ ಎದೆಯುಬ್ಬಿಸುತ್ತಾನೆ. "ಅದಕ್ಕೇ ಇವತ್ತಿಗೂ ನಡ್ಕೊಂಡೇ ಓಡಾಡೋದು" ಎಂದು ಅತ್ತೆ ಅದನ್ನು ಇಳಿಸುತ್ತಾಳೆ.

ಆ ಕಾಲದಲ್ಲಿ ಮಾವ ಊರಾಚೆಯ ಕ್ಲಬ್ಬಿನ ಮೈದಾನದಲ್ಲಿ ಯಂತ್ರ ಹಾರಿಸುವ ಮಣ್ಣಿನ ಬಿಲ್ಲೆಗಳನ್ನು ಗಾಳಿಯಲ್ಲೇ ಪುಡಿ ಮಾಡುತ್ತಿದ್ದ. ಪಾದ ಹೂತುಹೋಗುವಷ್ಟು ಖಾಲಿ ತೋಟಾ ಉದುರಿಸಿ ಮನೆಗೆ ಬರುತ್ತಿದ್ದ. ಬೆಲೆ ಏರುತ್ತಾ ಹೋದ ಹಾಗೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ರಿಪೇರಿ ಮಾಡಿದ ಬಂದೂಕನ್ನು ಪರೀಕ್ಷಿಸಲು ಕೂಡ ತನ್ನ ಕೈಯಾರೆ ಹೊಡೆಯದೆ, "ನಿಮ್ಮ ಬಂದೂಕು, ನಿಮ್ಮ ತೋಟಾ, ನೀವೇ ಹೊಡೀರಿ" ಎಂದು ಗಿರಾಕಿಯನ್ನೇ ಮುಂದೆ ಮಾಡುತ್ತಿದ್ದ.

ಅಷ್ಟರಲ್ಲಿ ಹೊಸ ಕಾನೂನು ಬಂತು. ವಯಸ್ಸಾದ ಬಂದೂಕು ವ್ಯಾಪಾರಿಗಳು ಲೈಸೆನ್ಸ್ ಮುಂದುವರಿಸಬೇಕಾದರೆ ಅಧಿಕಾರಿಯ ಎದುರು ಇಪ್ಪತ್ತು ಬಿಲ್ಲೆಗಳಿಗೆ ಗುರಿಯಿಟ್ಟು ಅರ್ಧವನ್ನಾದರೂ ಒಡೆಯಬೇಕು. ಇಲ್ಲದಿದ್ದರೆ ಅಂಗಡಿಗೆ ಬೀಗ. ಮಾವನಿಗೆ ಆ ಹಿಂದಿನ ಕೋಣೆ ಬಿಟ್ಟರೆ ಬೇರೆ ಲೋಕವಿಲ್ಲ. ಬೀಗ ಬಿದ್ದರೆ ಈ ಮನುಷ್ಯ ಏನಾಗುತ್ತಾನೆಂದು ನನಗೆ ನಿಜಕ್ಕೂ ಭಯವಾಯಿತು.

"ಒಂದೆರಡು ಡಬ್ಬಿ ಹೊಡ್ದು ಅಭ್ಯಾಸ ಮಾಡ್ರೀ" ಎಂದಳು ಅತ್ತೆ.

"ಈ ಬೆಲೆಗೆ ಅಭ್ಯಾಸಾನಾ? ಹುಚ್ಚಾ ನಿಂಗೆ?"

ಕೊನೆಗೆ ಹಿತ್ತಿಲಲ್ಲಿ ಅಭ್ಯಾಸ ಶುರುವಾಯಿತು. ಅತ್ತೆ ಪಾತ್ರೆಯ ಮುಚ್ಚಳಗಳನ್ನು ಮೇಲಕ್ಕೆ ಎಸೆಯಬೇಕು, ಮಾವ ಪೊರಕೆಯನ್ನು ಹೆಗಲಿಗೇರಿಸಿ "ಢಂ" ಅನ್ನಬೇಕು. ಒಂದೂ ತಪ್ಪಲಿಲ್ಲ. ಬಾಯಲ್ಲಿ ಹೊಡೆದರೆ ಗುರಿ ತಪ್ಪಿದ್ದುಂಟೇ? ಒಡೆದದ್ದು ಮಾತ್ರ ಬಚ್ಚಲುಮನೆಯ ಕಿಟಕಿಯ ಗಾಜು, ಅದೂ ಮುಚ್ಚಳದಿಂದ.

ಪರೀಕ್ಷೆಯ ಹಿಂದಿನ ದಿನ ಮಾವ ಅಟ್ಟಕ್ಕೆ ಏಣಿ ಹಾಕಿ, ಅತ್ತೆಯ ಹಳೆಯ ಶಾಲಿನಲ್ಲಿ ಸುತ್ತಿದ ಗಂಟೊಂದನ್ನು ಇಳಿಸಿದ. ಒಳಗೆ ಒಂದು ರಟ್ಟಿನ ಡಬ್ಬಿ, ಮುಚ್ಚಳದ ಮೇಲೆ ಅಚ್ಚಾದ ಹಳೆಯ ಬೆಲೆ. ಅಗ್ಗದ ಕಾಲದ ಕೊನೆಯ ಡಬ್ಬಿ. ಆಗಿನ ತೋಟಾಗಳಿಗೆ ಪ್ಲಾಸ್ಟಿಕ್ಕಿನ ಬದಲು ಕಾಗದದ ಮೈ.

"ಈ ಶಾಲು ಕಳ್ದೋಯ್ತು ಅಂತ ನನ್ನ ತಂಗಿ ಮೇಲೆ ಅನುಮಾನ ಪಟ್ಟಿದ್ದೆ" ಎಂದಳು ಅತ್ತೆ.

"ನೀನು ಯಾರಿಗಾದ್ರೂ ಮಾರಿಬಿಡ್ತೀಯ ಅಂತ ಬಚ್ಚಿಟ್ಟಿದ್ದೆ. ನಾಳೆ ಇದ್ರಲ್ಲೇ ಹೊಡೀತೀನಿ. ಅಸಲಿ ಮಾಲು!"

ಮರುದಿನ ಬೆಳಿಗ್ಗೆ ನಾನೇ ಇಬ್ಬರನ್ನೂ ಕಾರಿನಲ್ಲಿ ಮೈದಾನಕ್ಕೆ ಕರೆದೊಯ್ದೆ. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು, ಮುಖದಲ್ಲಿ ನಗೆಯ ಸುಳಿವಿಲ್ಲ. ಮಾವ ಗತ್ತಿನಿಂದ ನಳಿಗೆಯ ಬುಡ ತೆರೆದುಕೊಳ್ಳುವಂತೆ ಬಂದೂಕು ಮಡಚಿ, ಹಳೆಯ ಡಬ್ಬಿಯಿಂದ ಒಂದು ತೋಟಾ ತೆಗೆದು ನಳಿಗೆಗೆ ತುರುಕಿದ. ಹೋಗಲಿಲ್ಲ. ಇನ್ನೊಂದು ತೆಗೆದ. ಅದೂ ಅರ್ಧಕ್ಕೇ ನಿಂತಿತು. ಅಟ್ಟದಲ್ಲಿ ಗಂಟಿಟ್ಟಿದ್ದ ಮೂಲೆಯ ಕೆಳಗೇ ಬಚ್ಚಲು. ಇಷ್ಟು ವರ್ಷದ ಬಿಸಿನೀರಿನ ಹಬೆ ಕುಡಿದು ಕಾಗದದ ತೋಟಾಗಳೆಲ್ಲ ಊದಿಕೊಂಡಿದ್ದವು. "ತೋಟಾ ಒಣಗಿದ ಜಾಗದಲ್ಲಿಡಿ, ತೇವ ಅದರ ಶತ್ರು" ಎಂದು ಗಿರಾಕಿಗಳಿಗೆ ದಿನಾ ಪಾಠ ಹೇಳುವವನು ಇವನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಾನಿಯಲ್ಲಿ ಬಿದ್ದಿತ್ತು.

"ಬೇರೆ ತೋಟಾ ಇದ್ಯಾ? ಇಲ್ಲಾಂದ್ರೆ ಫೇಲ್ ಅಂತ ಬರ್ಕೋಬೇಕಾಗುತ್ತೆ" ಎಂದಳು ಅಧಿಕಾರಿ. ಮಾವ ಇಂಗು ತಿಂದ ಮಂಗನಂತೆ ನಿಂತಿದ್ದ.

ಅತ್ತೆ ತನ್ನ ಚೀಲದಿಂದ ಹೊಸ ಡಬ್ಬಿ ತೆಗೆದಳು. "ನಮ್ಮಂಗಡೀದೇ. ಪೂರ್ತಿ ಬೆಲೆ ಕೊಟ್ಟು ತಗೊಂಡೆ. ಈ ತಿಂಗಳಲ್ಲಿ ಚೌಕಾಸಿ ಮಾಡದ ಗಿರಾಕಿ ನಾನೊಬ್ಳೇ."

ಮೊದಲ ಬಿಲ್ಲೆ ಹಾರಿತು. ಮಾವ ಹೊಡೆದ, ತಪ್ಪಿತು. "ಅಯ್ಯೋ, ಅರ್ಧ ಕ್ಷೌರ ಹೋಯ್ತು!" ಎಂದು ನರಳಿದ. ಎರಡನೆಯದಕ್ಕೆ ಇನ್ನಷ್ಟು ಹುಷಾರಾಗಿ ಗುರಿ ಹಿಡಿದ, ಬಿಲ್ಲೆ ಕೆಳಗಿಳಿಯುವವರೆಗೂ ಹಿಡಿದೇ ಇದ್ದ. ಅದೂ ಹೋಯಿತು. ಮೂರನೆಯದೂ ಹಾಗೇ ಹೋಯಿತು. ತೋಟಾದ ಬೆಲೆ ಅವನ ಬೆರಳ ತುದಿಯಲ್ಲಿ ಕೂತಿತ್ತು. ಅಂಗಡಿ ಕಣ್ಣೆದುರೇ ಮುಚ್ಚಿಹೋಗುತ್ತಿದೆ ಎಂದು ನನಗೆ ಅನ್ನಿಸಿತು.

ಆಗ ಅತ್ತೆ ಬೆಂಚಿನಿಂದ ಎದ್ದಳು. ಹಳೆಯ ಡಬ್ಬಿಯ ಊದಿದ ತೋಟಾಗಳನ್ನು ಶಾಲಿಗೆ ಸುರಿದಳು. ಹೊಸ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಹಳೆಯ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಅದರ ಮೇಲಿನ ಬೆಲೆಯನ್ನು ಮಾವನ ಮೂಗಿನ ಮುಂದೆ ಹಿಡಿದಳು.

"ಓದಿ."

ಮಾವ ಓದಿದ.

"ಇವತ್ತು ತೋಟಾ ಇಷ್ಟೇ. ಆಗೆಲ್ಲ ತಪ್ಪಿದ್ರೆ ಏನ್ಮಾಡ್ತಿದ್ರಿ?"

"ನಗ್ತಿದ್ದೆ" ಎಂದ ಮಾವ.

"ಹಾಗಿದ್ರೆ ನಕ್ಕೊಂಡೇ ತಪ್ಪಿ."

ಮಕ್ಕಳಾಟ. ಡಬ್ಬಿ ಬದಲಾದರೆ ಬೆಲೆ ಬದಲಾಗುತ್ತದೆಯೇ? ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಮಾವ ಆ ರಟ್ಟಿನ ಡಬ್ಬಿಗೆ ಕೈ ಹಾಕಿ ತೋಟಾ ತೆಗೆದಾಗ ಅವನ ಹೆಗಲು ಸಡಿಲವಾದದ್ದು ನನಗೆ ಕಂಡಿತು. ನಾಲ್ಕನೆಯದೂ ತಪ್ಪಿತು, ಮಾವ ನಿಜವಾಗಿಯೂ ನಕ್ಕ. ಐದನೆಯದು ಪುಡಿಯಾಯಿತು. ಅಲ್ಲಿಂದ ಒಂದು ಒಡೆದರೆ ಒಂದು ತಪ್ಪುತ್ತಾ, ಎರಡು ಒಡೆದರೆ ಒಂದು ತಪ್ಪುತ್ತಾ ಸಾಗಿತು. ಕೊನೆಯ ಬಿಲ್ಲೆಗೆ ಬಂದಾಗ ಇನ್ನೊಂದು ಬೇಕೇ ಬೇಕಿತ್ತು. ನಾನು ಕಣ್ಣು ಮುಚ್ಚಿಕೊಂಡೆ. ಬಿಟ್ಟಾಗ ಗಾಳಿಯಲ್ಲಿ ಮಣ್ಣಿನ ಧೂಳಿತ್ತು, ಅಧಿಕಾರಿ ಸಹಿ ಹಾಕುತ್ತಿದ್ದಳು.

ಮಾವ ಕುಣಿಯದಿದ್ದುದೇ ಹೆಚ್ಚು. ಆಗ ಮತ್ತೆ ಹಳೆಯ ರಾಗ ತೆಗೆದ: "ನೋಡಿದ್ಯಾ? ಆಗಿನ ಬೆಲೆ ಇದ್ದಿದ್ರೆ ನಾನು ದಿನಾ ಹೀಗೇ ಹೊಡೀತಿದ್ದೆ. ಏನು ಕಾಲ ಅದು! ಬೇಕಾದವರು ಬೇಕಾದಷ್ಟು ಹೊಡೀಬಹುದಿತ್ತು."

ಅತ್ತೆ ಶಾಲಿನ ಗಂಟು ಕಟ್ಟುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಅಷ್ಟು ಅಗ್ಗ ಇದ್ದಾಗ್ಲೂ ನಂಗೆ ಅಂತ ಒಂದು ತೋಟಾ ಮಿಗ್ಲಿಲ್ವಲ್ಲ. ಪ್ರತಿ ವಾರ ನಿಮ್ಮ ಜೊತೆ ಇಲ್ಲಿಗೆ ಬರ್ತಿದ್ದೆ. ಬೆಂಚಿನ ಮೇಲೆ ಕೂತು ನೋಡಿದ್ದೇ ಆಯ್ತು."

ಕೋಪದಿಂದ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಆದರೆ ಮಾವ ಬಂದೂಕು ಕೆಳಗಿಳಿಸಿದ. ಬೆಂಚನ್ನು ನೋಡಿದ. ಅವಳನ್ನು ನೋಡಿದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಡಬ್ಬಿಯಲ್ಲಿ ಇನ್ನೂ ಕೆಲವು ಉಳಿದಿದ್ದವು. ಮಾವ ಅಧಿಕಾರಿಯ ಕಡೆ ತಿರುಗಿ, "ಮೇಡಂ, ನಮ್ಮ ಮನೆಯವರು ಹೊಡೀಬಹುದಾ?" ಎಂದು ಕೇಳಿದ. "ನೀವು ಪಕ್ಕದಲ್ಲೇ ನಿಂತ್ಕೊಳ್ಳಿ" ಎಂದಳು ಅವಳು, ಆ ದಿನ ಮೊದಲ ಸಲ ನಕ್ಕು. ಮಾವ ಅತ್ತೆಯ ಹೆಗಲಿಗೆ ಬಂದೂಕು ಸರಿಯಾಗಿ ಕೂರಿಸಿದ, ಕೆನ್ನೆ ಎಲ್ಲಿಡಬೇಕೆಂದು ತೋರಿಸಿದ.

ಬಿಲ್ಲೆ ಹಾರಿತು. ಅತ್ತೆ ಒಂದು ಕಣ್ಣಿನ ಬದಲು ಎರಡೂ ಮುಚ್ಚಿ ಹೊಡೆದಳು. ಬಿಲ್ಲೆ ಆರಾಮವಾಗಿ ಹೋಗಿ ಹುಲ್ಲಿನ ಮೇಲೆ ಕೂತಿತು.

"ಅಯ್ಯೋ, ದಂಡ ಆಯ್ತಲ್ರೀ" ಎಂದಳು.

ಮಾವ ಹಳೆಯ ಡಬ್ಬಿಯ ಮುಚ್ಚಳ ತೆಗೆದು ಇನ್ನೊಂದು ತೋಟಾ ತುಂಬಿದ.

"ಹೊಡಿಯೇ, ಪರವಾಗಿಲ್ಲ" ಎಂದ. "ಅಗ್ಗ."