ಅಕ್ಕ ಮುಗಿಸಿದ ಪಾಠ

ಮಾಲು ನೋಡುವ ಕಣ್ಣಿನಿಂದಲೇ ಅವನನ್ನು ನೋಡಿದೆ. ಎತ್ತರ ಸಾಧಾರಣ, ತೋಳು ಗಟ್ಟಿ, ಅಂಗಿಯ ಗುಂಡಿಗಳೆಲ್ಲ ತಮ್ಮ ತಮ್ಮ ಜಾಗದಲ್ಲಿವೆ, ಚಪ್ಪಲಿ ಹಳೆಯದಾದರೂ ಹೊಲಿಗೆ ಬಿಟ್ಟಿಲ್ಲ. ಮೇಲೆ ಒಂದು ಗೀರೂ ಕಾಣಲಿಲ್ಲ. ಓದಿದ್ದು ಮೇಷ್ಟ್ರ ತರಬೇತಿ, ಬಂದಿದ್ದು ನನ್ನ ಬೀಗ ಚಿಲಕದ ಅಂಗಡಿಗೆ. ಇಂಥ ಸರಕು ಸಸ್ತಾದಲ್ಲಿ ಸಿಗುತ್ತಿದೆ ಎಂದರೆ ಒಳಗೆ ಏನೋ ಹುಳುಕಿರಬೇಕು ಎಂದುಕೊಂಡೆ.

"ಏನಪ್ಪಾ, ಪಾಠ ಹೇಳೋದು ಬಿಟ್ಟು ಇಲ್ಲಿಗ್ಯಾಕೆ ಬಂದೆ?"

ಉತ್ತರಕ್ಕೆ ತುಟಿ ಕೂಡಿಸಿದ. ಕೂಡಿದ ತುಟಿ ಬಿಚ್ಚಲಿಲ್ಲ. ಕತ್ತಿನ ನರ ಉಬ್ಬಿತು. ಪಕ್ಕದಲ್ಲಿ ನಿಂತಿದ್ದ ಅವನ ಅಕ್ಕ ಬಾಯಿ ಹಾಕಿದಳು.

"ಉಗ್ಗು ಯಜಮಾನ್ರೇ. ಅದಕ್ಕೇ ಯಾವ ಶಾಲೆಯವ್ರೂ ತಗೊಳ್ಳಲಿಲ್ಲ. ಕೆಲಸದಲ್ಲಿ ಚುರುಕು. ಬೆಳಿಗ್ಗೆ ಎಷ್ಟೊತ್ತಿಗೆ ಬರ್ಬೇಕು?"

ಕೆಲಸ ಕೇಳಿದವಳೂ ಅಕ್ಕ, ಒಪ್ಪಿಕೊಂಡವಳೂ ಅಕ್ಕ. ಮಾಡಲು ಬಂದವನು ಮಾತ್ರ ತಮ್ಮ.

ಅಂಗಡಿಯವರು ಅವನಿಗೆ ಮೇಷ್ಟ್ರು ಎಂದೇ ಹೆಸರಿಟ್ಟರು. "ಮೇಷ್ಟ್ರೇ, ಮೇಲಿಂದ ಎರಡಿಂಚಿನ ಕೀಲು ಇಳಿಸಿ" ಎಂದರೆ ನಗುತ್ತಲೇ ಏಣಿ ಹತ್ತುತ್ತಿದ್ದ. ಆದರೆ ಆ ಹೆಸರು ಕೇಳಿದಾಗೆಲ್ಲ ತಿರುಗುವುದಕ್ಕೆ ಒಂದು ಗಳಿಗೆ ತಡ ಮಾಡುತ್ತಿದ್ದ, ಹಿಂದೆ ನಿಜವಾದ ಮೇಷ್ಟ್ರು ಯಾರೋ ನಿಂತಿರಬಹುದು ಎಂಬಂತೆ.

ವ್ಯಾಪಾರದ ಲೆಕ್ಕದಲ್ಲಿ ಅವನು ನಷ್ಟದ ಬಾಬತ್ತಲ್ಲ. ಚೌಕಾಶಿಗೆ ನಿಂತ ಗಿರಾಕಿಗೆ ಅವನು "ಆಗೋದಿಲ್ಲ" ಎಂದು ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿಯೇ ಬೇಸತ್ತು ಬೆಲೆ ಏರಿಸಿರುತ್ತಿದ್ದ. ಉಳಿದವರು ಅವನ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರು. ಅವನೂ ಹೂಂಗುಟ್ಟುತ್ತಿದ್ದ, ಅವನು ಹೇಳಹೊರಟಿದ್ದು ಬೇರೆಯೇ ಆಗಿದ್ದರೂ.

ಮಧ್ಯಾಹ್ನ ಗಿರಾಕಿಯಿಲ್ಲದ ಹೊತ್ತಿನಲ್ಲಿ, ಗೋಡೆಗೆ ಸಾಲಾಗಿ ನೇತುಹಾಕಿದ ಬೀಗಗಳ ಕಡೆ ಮುಖಮಾಡಿ ತುಟಿ ಅಲ್ಲಾಡಿಸುತ್ತಿದ್ದ.

"ಏನೋ ಅದು, ಮಂತ್ರಾನಾ?"

"ಪಾಠ" ಎಂದ. ಆ ಮಾತು ಎಲ್ಲೂ ತಡೆಯಲಿಲ್ಲ.

"ಬೀಗಗಳಿಗೆ ಹತ್ತುತ್ತಾ ತಲೆಗೆ?"

ಸ್ವಲ್ಪ ಹೊತ್ತು ಹಿಡಿಯಿತು. "ಗ... ಗಲಾಟೆಯಂತೂ ಮಾಡಲ್ಲ."

ಹೋದ ವರ್ಷ ಒಂದು ಶಾಲೆಯಲ್ಲಿ ಅಂಗವಿಕಲರಿಗೆಂದೇ ಒಂದು ಮೇಷ್ಟ್ರ ಕೆಲಸ ಖಾಲಿಯಾಯಿತು. ಪ್ರಮಾಣಪತ್ರಕ್ಕೆ ಹೋದರೆ ಡಾಕ್ಟರು, "ಕೈಕಾಲು ನೆಟ್ಟಗಿದೆ, ಕಣ್ಣು ಕಿವಿ ಚೆನ್ನಾಗಿದೆ. ಏನಪ್ಪಾ ನಿನ್ನ ಕಷ್ಟ?" ಎಂದರಂತೆ. ಇವನು ಹೇಳಲು ಶುರುಮಾಡಿದ. ಮುಗಿಯುವ ಮೊದಲೇ ಡಾಕ್ಟರು ಸಹಿ ಹಾಕಿದರು.

ಆಯ್ಕೆ ಮಾಡುವವರ ಎದುರು ನಿಜವಾದ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕಿತ್ತು. ಅಕ್ಕ ಜೊತೆಗೆ ಹೊರಟಳು. "ನಾನು ಬಾಗಿಲ ಆಚೆಗೇ ನಿಂತಿರ್ತೀನಿ" ಎಂದಳು.

ಅಲ್ಲಿ ನಡೆದದ್ದನ್ನು ಮರುದಿನ ಅವನೇ ಹೇಳಿದ. ಅವನಿಗೆ ಅರ್ಧ ಬೆಳಗು ಬೇಕಾಯಿತು, ನನ್ನದು ಬೇಗ ಮುಗಿಯುತ್ತದೆ.

ಮಳೆ ನಿಂತು ತಿಂಗಳಾದರೂ ಬಾವಿಯಲ್ಲಿ ನೀರು ಹೇಗೆ ಇರುತ್ತದೆ ಎಂಬುದು ಪಾಠ. ಅಲ್ಲಿ ಇಲ್ಲಿ ತಡೆದರೂ ಪಾಠ ಸಾಗಿತ್ತು. ನೀರು ಎಲ್ಲಿ ಅಡಗಿರುತ್ತದೆ ಎಂದು ಹೇಳುವ ಕಡೆಗೆ ಬಂದಾಗ ಮಾತು ಪೂರ್ತಿ ನಿಂತಿತು. ಮುಂದಿನ ಬೆಂಚಿನಲ್ಲಿ ಪೆನ್ಸಿಲ್ ಕಚ್ಚುತ್ತಿದ್ದ ಒಂದು ಹುಡುಗಿ ಮುಂದಕ್ಕೆ ಬಾಗಿ ಕೇಳಿದಳು, "ಎಲ್ಲಿ ಸಾರ್?"

"ಅವಳು ನಗಲಿಲ್ಲ ಯಜಮಾನ್ರೇ" ಎಂದ. "ನನ್ನ ಉಗ್ಗು ಅವಳಿಗೆ ಕಾಣಲೇ ಇಲ್ಲ. ನೀರು ಎಲ್ಲಿದೆ ಅನ್ನೋದಷ್ಟೇ ಬೇಕಿತ್ತು. ಹಾಗೆ ನನ್ನ ಮಾತಿಗೆ ಯಾರೂ ಕಾದಿರಲಿಲ್ಲ."

ಅಷ್ಟರಲ್ಲಿ ಬಾಗಿಲಿನಿಂದ ಅಕ್ಕನ ದನಿ ಬಂತು: "ಮಣ್ಣಿನ ಸಂದಿಯಲ್ಲಿ ಮಕ್ಕಳೇ, ಕಲ್ಲಿನ ಸಂದಿಯಲ್ಲಿ."

ಮಕ್ಕಳೆಲ್ಲ ಬಾಗಿಲ ಕಡೆ ತಿರುಗಿದರು. ಆ ಹುಡುಗಿಯೂ ತಿರುಗಿದಳು. ಆಯ್ಕೆಗೆ ಕೂತಿದ್ದ ಒಬ್ಬರು, "ಒಂದು ಸಂಬಳಕ್ಕೆ ಇಬ್ಬರು ಮೇಷ್ಟ್ರು ನಮಗ್ಯಾಕೆ" ಎಂದು ನಕ್ಕರು. ಕೆಲಸ ಬೇರೆಯವರಿಗೆ ಹೋಯಿತು.

ನಾನು ಅಕ್ಕನನ್ನು ಕೇಳಿದೆ. "ಬಾಯಿಗೆ ಒಂದು ಚಿಲಕ ಹಾಕ್ಕೊಂಡು ಹೋಗ್ಬಾರ್ದಿತ್ತೇನಮ್ಮಾ? ನಾನೇ ಕೊಡ್ತಿದ್ದೆ."

ಅವಳು ನಗಲಿಲ್ಲ. "ಅವನ ಕತ್ತು ಬಿಗಿದ್ರೆ ನನ್ನ ಬಾಯಿ ನನ್ನ ಮಾತು ಕೇಳಲ್ಲ. ಅಮ್ಮ ಹೋದಾಗ ಅವನಿನ್ನೂ ಚಿಕ್ಕವನು. ಹಸಿವು ಅನ್ನೋದನ್ನೂ ನಾನೇ ಹೇಳ್ತಿದ್ದೆ."

ಅವನು ಅಕ್ಕನ ಮೇಲೆ ರೇಗಲಿಲ್ಲ. ಆದರೆ ಈಗ ಸಂಜೆ ಶಾಲೆ ಬಿಡುವ ಹೊತ್ತಿಗೆ ಅವನ ಕೈಲಿ ಕೆಲಸ ಸಾಗುವುದಿಲ್ಲ. ಬೀದಿಯಲ್ಲಿ ಹೋಗುವ ಒಂದೊಂದು ಮುಖವನ್ನೂ ಹುಡುಕುತ್ತಾನೆ. ಆ ಶಾಲೆ ಊರಿನ ಇನ್ನೊಂದು ತುದಿಗಿದೆ, ಆ ಹುಡುಗಿ ಈ ಕಡೆ ಬರುವುದಿಲ್ಲ. ಅದು ಅವನಿಗೂ ಗೊತ್ತು.

"ಬಿಡೋ, ಅವಳಿಗೆ ಉತ್ತರ ಸಿಕ್ತಲ್ಲ" ಎಂದೆ ಒಂದು ಸಂಜೆ.

ಬಹಳ ಹೊತ್ತು ತುಟಿ ಹೆಣಗಾಡಿತು. ಗಿರಾಕಿಯೊಬ್ಬ ಬಂದು ಕೂಗಿದ, ಕೈ ಮಾಡಿ ನಿಲ್ಲಿಸಿದೆ.

"ನನ್ನಿಂದ ಸಿಗಲಿಲ್ಲ" ಎಂದ ಕೊನೆಗೆ. "ಬರ್ತಾ ಇತ್ತು ಯಜಮಾನ್ರೇ. ಇನ್ನೇನು ಬರ್ತಾ ಇತ್ತು."

ಈ ವರ್ಷ ಇನ್ನೊಂದು ಶಾಲೆ ಅಂಗವಿಕಲ ಮೇಷ್ಟ್ರನ್ನು ಕರೆದಿದೆ. ಅವನು ಅರ್ಜಿ ಹಾಕಿದ್ದಾನೆ, ನನ್ನ ಹತ್ತಿರ ಒಂದು ಉಪಕಾರ ಕೇಳಿದ್ದಾನೆ, ನಾನು ಮಾತು ಕೊಟ್ಟಿದ್ದೇನೆ. ಆ ದಿನ ಅವನಿಗೆ ರಜೆ ಕೊಡಬೇಕು, ಅವನು ಪಾಠ ಮುಗಿಸಿ ಬರುವ ತನಕ ಅವನ ಅಕ್ಕನನ್ನು ಈ ಅಂಗಡಿಯಲ್ಲಿ ಕೂರಿಸಿಕೊಂಡಿರಬೇಕು.