ಅಳಿಲಿನ ಳಿ, ಇಲಿಯ ಲಿ

ಡಾಕ್ಟರು ಗಂಭೀರವಾಗಿ “ನಿಮಗೆ ರಕ್ತದೊತ್ತಡ ಇದೆ” ಎಂದಾಗ, ಎದುರಿಗೆ ಕೂತ ರೋಗಿ ಬೆರಳು ಮಡಚಿ ಎಣಿಸಿ, “ಐದಕ್ಷರ. ಉದ್ದಕ್ಕೆ ಚೆನ್ನಾಗಿ ಕೂರುತ್ತೆ ಡಾಕ್ಟ್ರೇ” ಎಂದರಂತೆ. ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಂಡರು. ಯಾವ ಪದ ಕಿವಿಗೆ ಬಿದ್ದರೂ ಎಷ್ಟಕ್ಷರ ಎಂದು ಎಣಿಸುವ ಈ ಚಾಳಿಯಿಂದಲೇ ಅವರಿಗೆ ಎಷ್ಟಕ್ಷರಣ್ಣ ಎಂಬ ಹೆಸರು ಬಿದ್ದದ್ದು. ಸ್ವಂತ ಹೆಸರು ಈಗ ಕರೆಂಟು ಬಿಲ್ಲಿನಲ್ಲಿ ಮಾತ್ರ ಇದೆ.

ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದವರು. ಇಪ್ಪತ್ತೆರಡು ವರ್ಷಗಳಿಂದ ಅದೇ ಪತ್ರಿಕೆಗೆ ದಿನಕ್ಕೊಂದು ಪದಬಂಧ ಕಟ್ಟಿಕೊಡುತ್ತಾರೆ. ಕಿಟಕಿ ಪಕ್ಕದ ಮೇಜು, ಒಂದು ಸ್ಕೇಲು, ಮೊಂಡು ಪೆನ್ಸಿಲು, ಸವೆದ ರಬ್ಬರು, ಚಪ್ಪಲಿ ಡಬ್ಬದ ತುಂಬ ಪದ ಬರೆದ ಚೀಟಿಗಳು, ಇಷ್ಟೇ ಕಾರ್ಖಾನೆ. ಅಡ್ಡ ಹೋಗುವ ಪದವೂ ಕೆಳಗಿಳಿಯುವ ಪದವೂ ಸಂಧಿಸುವ ಮನೆಗೆ ಎರಡಕ್ಕೂ ಒಗ್ಗುವ ಒಂದು ಅಕ್ಷರ ಹುಡುಕುವುದು ಅವರ ಕಸುಬು. ಇಷ್ಟು ವರ್ಷದಲ್ಲಿ ಒಂದೇ ಒಂದು ತಪ್ಪು ಬಂದಿರಲಿಲ್ಲ. ಇದನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಓದುಗರಿಗಾಗಿ ಕಟ್ಟುತ್ತಿದ್ದರು ಎಂದರೆ ಅದು ಸುಳ್ಳು. ಕಟ್ಟುತ್ತಿದ್ದುದು ತಮ್ಮನಿಗಾಗಿ. ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿರುವ ತಮ್ಮ ಬೆಳಿಗ್ಗೆ ಎಂಟಕ್ಕೆ, ಬಾಗಿಲು ತೆಗೆಯುವ ಮೊದಲು, ಫೋನು ಮಾಡುತ್ತಿದ್ದ.

“ಅಣ್ಣಾ, ಒಂಬತ್ತು ಕೈಕೊಡ್ತು.”

“ತಲೆ ಉಪಯೋಗಿಸೋ.”

“ಇದ್ದ ತಲೆನೆಲ್ಲ ನೀನೇ ಮೊದಲು ಹುಟ್ಟಿ ತಗೊಂಡುಬಿಟ್ಯಲ್ಲ.”

ಹೀಗೆ ಹತ್ತು ನಿಮಿಷ. ಮಂಡಿ ನೋವು, ಮನೆಯ ತಾಪತ್ರಯ, ಅಮ್ಮನ ಕೊನೆ ದಿನಗಳ ಅಳು, ಎಲ್ಲ ಆ ಹತ್ತು ನಿಮಿಷದಲ್ಲೇ ಬಂದು ಹೋಗಿದ್ದವು. ಆ ಫೋನು ನಿಂತು ಎಂಟು ತಿಂಗಳಾಗಿತ್ತು.

ಕಾರಣ ಹಳೆ ಮಾರುಕಟ್ಟೆ. ಅದನ್ನು ಕೆಡವಬೇಕು ಎಂದಿತು ಒಂದು ಪಕ್ಷ. ಒಂದು ಇಟ್ಟಿಗೆ ಮುಟ್ಟಿದರೂ ನೋಡಿಕೊಳ್ಳುತ್ತೇವೆ ಎಂದಿತು ಇನ್ನೊಂದು. ಇವರು ‘ಏಳಿಗೆ’ ಎಂದು ಕೂಗಿದರೆ ಅವರು ‘ನ್ಯಾಯ’ ಎಂದು ಕೂಗಿದರು. ಎಷ್ಟಕ್ಷರಣ್ಣ ತಮ್ಮನ ಅಂಗಡಿಯಲ್ಲಿ ಕೂತು ತಮಗೆ ತೋಚಿದ್ದನ್ನು ಹೇಳಿದರು. “ಕಟ್ಟಡ ಇವತ್ತೋ ನಾಳೆಯೋ ಬೀಳೋ ಹಾಗಿದೆ, ಕೆಡವಲಿ. ಆದ್ರೆ ಅಲ್ಲಿರೋ ಅಂಗಡಿಯವರಿಗೆ ಮೊದಲು ಬೇರೆ ಜಾಗ ಕೊಡಲಿ.”

ಎರಡೇ ವಾಕ್ಯ. ಏಳಿಗೆಯ ಪಕ್ಷದ ತಮ್ಮನಿಗೆ ಎರಡನೆಯದು ಮಾತ್ರ ಕೇಳಿಸಿತು. “ಅಂದ್ರೆ ನೀನು ಅವರ ಕಡೆ.”

“ನೀನು ಗಿರಾಕಿ ಕಣ್ಣಿಗೆ ಎರಡು ಗಾಜು ಹಿಡಿದು ಇದಾ, ಅದಾ ಅಂತ ಕೇಳ್ತೀಯಲ್ಲ. ಎರಡೂ ಒಂದೇ ಥರ ಕಾಣುತ್ತೆ ಅಂದ್ರೆ ಅವನ್ನ ಅಂಗಡಿಯಿಂದ ಓಡಿಸ್ತೀಯೇನೋ?”

“ಅದು ಕಣ್ಣು ಅಣ್ಣ. ಇದು ದೇಶ.” ತಮ್ಮ ಗಾಜು ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಒಗೆದ.

ಅದೇ ಸಂಜೆ ಅದೇ ಎರಡು ವಾಕ್ಯವನ್ನು, ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ಮಗಳ ಗಂಡನಿಗೆ ಹೇಳಿದರು. ಅಳಿಯ ನ್ಯಾಯದ ಪಕ್ಷ. ಅವನಿಗೆ ಮೊದಲನೆಯದು ಮಾತ್ರ ಕೇಳಿಸಿತು. “ಮಾವ, ನೀವು ಆ ಕಡೆ ಅಂತ ನಂಗೆ ಮೊದಲಿಂದ ಅನುಮಾನ ಇತ್ತು” ಎಂದ. ಎರಡು ವಾಕ್ಯವನ್ನು ಒಟ್ಟಿಗೆ ಕೇಳಿಸಿಕೊಳ್ಳಬಲ್ಲ ಒಂದು ಜೊತೆ ಕಿವಿ ಇಡೀ ಊರಲ್ಲಿ ಉಳಿದಿಲ್ಲವೇ ಎಂದು ಎಷ್ಟಕ್ಷರಣ್ಣನಿಗೆ ಮೈಯೆಲ್ಲ ಉರಿಯಿತು.

ಮರುದಿನ ಎಂಟಕ್ಕೆ ಫೋನು ಬರಲಿಲ್ಲ. “ನೀವೇ ಮಾಡಿದ್ರೆ ಬೆರಳು ಸವೆಯುತ್ತಾ?” ಎಂದರು ಹೆಂಡತಿ. “ದೊಡ್ಡೋನು ನಾನು. ಅವನೇ ಮಾಡಲಿ” ಎಂದರು ಇವರು. ಹಟದಲ್ಲಿ ಮಾತ್ರ ಅಣ್ಣತಮ್ಮಂದಿರಿಬ್ಬರೂ ಒಂದೇ ಪಕ್ಷ.

ಇಷ್ಟರಲ್ಲಿ ಪಿಡುಗು ಪದಬಂಧಕ್ಕೂ ಅಂಟಿಕೊಂಡಿತು. ಸಂಪಾದಕರು, ಎಷ್ಟಕ್ಷರಣ್ಣನ ಕೈಕೆಳಗೆ ಕೆಲಸ ಕಲಿತವರೇ, ಸಂಕೋಚದಿಂದ ಫೋನು ಮಾಡಿದರು.

“ಸಾರ್, ಒಬ್ಬ ಓದುಗರು ಕೇಳ್ತಿದಾರೆ. ದಿನಾ ‘ಎಡದಿಂದ ಬಲಕ್ಕೆ’ ಅಂತ ಹಾಕಿ, ಜನರನ್ನ ಎಡಗಡೆಯಿಂದ ಬಲಗಡೆಗೆ ಹೋಗಿ ಅಂತ ಎತ್ತಿಕಟ್ತಿದೀರಂತೆ.”

“ಮತ್ತೆ ಕನ್ನಡ ಯಾವ ಕಡೆಯಿಂದ ಓದೋದು ಅಂತ ಕೇಳಿ ಅವರನ್ನ!”

ಆದರೂ ಪೀಡೆ ತೊಲಗಲೆಂದು ನಾಲ್ಕು ಪದಗಳನ್ನು ‘ಬಲದಿಂದ ಎಡಕ್ಕೆ’ ತಿರುಗಿಸಿದರು. ಆಗ ಏಳಿಗೆಯವರು ಫೋನು ಮಾಡಿದರು. ಕೊನೆಗೆ ಎರಡನ್ನೂ ಕಿತ್ತು ‘ಅಡ್ಡ’, ‘ಉದ್ದ’ ಎಂದು ಹಾಕಿದರೆ, ನಮ್ಮ ನಾಯಕರು ಅಡ್ಡದಾರಿ ಹಿಡಿದಿದ್ದಾರೆ ಎಂದು ಅರ್ಥವೇ ಎಂಬ ಪತ್ರ ಬಂತು. ‘ಏಳಿಗೆ’ ಹಾಕುವಂತಿಲ್ಲ, ‘ನ್ಯಾಯ’ ಹಾಕುವಂತಿಲ್ಲ, ‘ಕುರ್ಚಿ’ ಹಾಕುವಂತಿಲ್ಲ. ‘ನಡು’ ಎಂದು ಹಾಕಿದ ದಿನ ಎರಡೂ ಕಡೆಯವರು ಬೈದರು. ಚಪ್ಪಲಿ ಡಬ್ಬದಿಂದ ಚೀಟಿಗಳು ಒಂದೊಂದಾಗಿ ಕಸದ ಬುಟ್ಟಿಗೆ ಹೋದವು. ಒಳ್ಳೊಳ್ಳೆ ಪದಗಳನ್ನು ಈ ಗುಂಪುಗಳು ಬಾಚಿಕೊಂಡು ತಮ್ಮ ಅಪ್ಪನ ಆಸ್ತಿ ಮಾಡಿಕೊಂಡರೆ ಮಿಕ್ಕವರು ಮಾತಾಡುವುದು ಹೇಗೆ? ಸಂಪಾದಕರಿಗೆ ಅದೆಲ್ಲ ಬೇಕಿರಲಿಲ್ಲ.

“ಹೀಗೇ ಆದ್ರೆ ಅಂಕಿ ಆಟ ಹಾಕ್ಬೇಕಾಗುತ್ತೆ ಸಾರ್. ಅಂಕಿಗೆ ಪಕ್ಷ ಇಲ್ಲ.”

“ಓಟು ಎಣಿಸೋದು ಅಂಕಿಯಲ್ಲೇ ಅಲ್ವೇನ್ರೀ?”

ಆದರೂ ಹೆದರಿದರು. ಪದಬಂಧವೇ ಹೋದರೆ ತಮ್ಮನ ಫೋನು ಬರಲು ಇದ್ದ ಒಂದು ನೆಪವೂ ಹೋದ ಹಾಗೆ. ಹಾಗಾಗಿ ಹಲ್ಲು ಕಚ್ಚಿ ಒಂದು ನಿರಪಾಯದ ಪದಬಂಧ ಕಟ್ಟಿದರು. ಸೌಟು, ಸೂಜಿ, ಹಲ್ಲಿ. ಹದಿನಾಲ್ಕು ಅಡ್ಡ, ಅಳಿಲು. ಅಳಿಲಿನ ಮೇಲೆ ಇನ್ನೂ ಯಾವ ಪಕ್ಷವೂ ಹಕ್ಕು ಸಾಧಿಸಿರಲಿಲ್ಲ. ಅದರ ‘ಳಿ’ ಮೇಲೆ ಹನ್ನೆರಡು ಉದ್ದ ಬಂದು ಕೂತಿತು. ಸುಳಿವು ‘ಕೆಳಗೆ ಬಾ’, ಉತ್ತರ ‘ಇಳಿ’. ಎರಡಕ್ಕೂ ಒಗ್ಗಿದ ಅಕ್ಷರ, ಚೊಕ್ಕ ಕೆಲಸ.

ಪುಟ ಕಟ್ಟುವ ಹೊತ್ತಿಗೆ ಸಂಪಾದಕರ ಫೋನು ಬಂತು. “ಸಾರ್, ಈ ‘ಇಳಿ’... ಕುರ್ಚಿಯಿಂದ ಇಳಿ ಅಂತ ಯಾರಿಗೋ ಹೇಳಿದ ಹಾಗಾಗಲ್ವಾ?”

ಎಷ್ಟಕ್ಷರಣ್ಣನಿಗೆ ತಲೆ ಕೆಟ್ಟುಹೋಯಿತು. “ಹಾಗಾದ್ರೆ ಇಲಿ ಅಂತ ಮಾಡ್ಕೊಳ್ರಿ! ಸುಳಿವು, ಬೆಕ್ಕಿಗೆ ಹೆದರೋದು. ಸಾಕಾ?” ಎಂದು ಫೋನು ಕುಕ್ಕಿದರು. ಅಡ್ಡ ಮಲಗಿದ್ದ ಅಳಿಲನ್ನು ಮರೆತೇಬಿಟ್ಟರು.

ಬೆಳಿಗ್ಗೆ ಪತ್ರಿಕೆ ಬಿಚ್ಚಿದಾಗ ಕಣ್ಣು ನೇರ ಹದಿನಾಲ್ಕು ಅಡ್ಡಕ್ಕೆ ಹೋಯಿತು. ಲ-ಳ ತಪ್ಪು! ಒಂದನೇ ತರಗತಿಯಲ್ಲಿ ಕಿವಿ ಹಿಂಡಿಸಿಕೊಳ್ಳುವ ತಪ್ಪು, ಇಪ್ಪತ್ತೆರಡು ವರ್ಷದ ಮರ್ಯಾದೆಯ ಮೇಲೆ. ಕಾಫಿ ಮುಟ್ಟಲಿಲ್ಲ. ಎಂಟಕ್ಕೆ ಫೋನು ಬಡಿದುಕೊಂಡಿತು.

“ಅಣ್ಣಾ. ಹದಿನಾಲ್ಕು ಅಡ್ಡ ಅಳಿಲು. ಹನ್ನೆರಡು ಉದ್ದ ಇಲಿ. ಒಂದೇ ಮನೇಲಿ ‘ಳಿ’ನೂ ‘ಲಿ’ನೂ ಹೇಗಿರುತ್ತೆ?” ಆಮೇಲೆ ದನಿ ತಗ್ಗಿತು. “ಮೈಯಲ್ಲಿ ಹುಷಾರಿದೀಯ ತಾನೇ?”

ಎಷ್ಟಕ್ಷರಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. “ಎಂಟು ತಿಂಗಳೂ ಬಿಡಿಸ್ತಾ ಇದ್ಯೇನೋ?”

“ಪೇಪರು ಹೇಗೂ ಅಂಗಡಿಗೆ ಬರುತ್ತೆ” ಎಂದ ತಮ್ಮ.

ಹತ್ತು ನಿಮಿಷ ಮಾತಾಯಿತು. ಮಂಡಿ ನೋವು ಬಂತು, ಅಂಗಡಿಯ ಸೋರುವ ಮಾಡು ಬಂತು. ಮಾರುಕಟ್ಟೆ ಬರಲಿಲ್ಲ.

ಮಧ್ಯಾಹ್ನ ಸಂಪಾದಕರು ಖುಷಿಯಿಂದ ಫೋನು ಮಾಡಿದರು. “ಸಾರ್, ನಲವತ್ತೊಂದು ಜನ ಫೋನು ಮಾಡಿದಾರೆ. ನಿಮಗೆ ಅರಳುಮರಳು ಅಂತ ಎರಡೂ ಕಡೆಯವರು ಒಪ್ಪಿದಾರೆ! ಎಂಟು ತಿಂಗಳಲ್ಲಿ ಅವರು ಒಪ್ಪಿದ್ದು ಇದೊಂದೇ. ಇನ್ಮೇಲೂ ತಪ್ಪು ಬಂದ್ರೆ ಬರಲಿ ಬಿಡಿ ಸಾರ್. ತಪ್ಪಿಗೆ ಯಾರೂ ಪತ್ರಿಕೆ ತರಿಸೋದು ನಿಲ್ಲಿಸಲ್ಲ.”

ಇದಕ್ಕಿಂತ ದೊಡ್ಡ ಬೈಗುಳ ಎಷ್ಟಕ್ಷರಣ್ಣ ಕೇಳಿರಲಿಲ್ಲ. ಹಟ ಹಿಡಿದು ಆರು ದಿನ ಕೂದಲೆಳೆಯಷ್ಟೂ ತಪ್ಪಿಲ್ಲದ ಪದಬಂಧ ಕಟ್ಟಿದರು. ಆರು ದಿನವೂ ಎಂಟು ಗಂಟೆ ಹೊಡೆದು ಎಂಟೂಕಾಲಾಯಿತು, ಎಂಟೂವರೆಯಾಯಿತು. ಫೋನು ತೆಪ್ಪಗಿತ್ತು.

ಏಳನೆಯ ದಿನದ ಪದಬಂಧದಲ್ಲಿ ‘ಬಾಗಿಲು’ ಅಡ್ಡ ಬಂದಿತ್ತು. ಅದರ ‘ಲು’ ಮೇಲೆ ‘ಹಾಲು’ ಇಳಿದು ಸರಿಯಾಗಿ ಕೂತಿತ್ತು. ಎಷ್ಟಕ್ಷರಣ್ಣ ಅದನ್ನು ತುಂಬ ಹೊತ್ತು ನೋಡಿದರು. “ಜೀವಮಾನವೆಲ್ಲ ತಿದ್ದಿದ ಕೈಯಿಂದ ತಪ್ಪು ಬರೆಸ್ತಾರಲ್ಲ, ಇವರ ಮನೆ ಹಾಳಾಗ” ಎಂದು ಎರಡೂ ಪಕ್ಷಗಳಿಗೂ ಸಮನಾಗಿ ಶಾಪ ಹಾಕಿದರು. ಆಮೇಲೆ ರಬ್ಬರು ತೆಗೆದುಕೊಂಡು ‘ಹಾಲು’ ಅಳಿಸಿ ‘ಹಾಳು’ ಎಂದು ಬರೆದರು. ಸುಳಿವನ್ನೂ ಬದಲಿಸಿದರು, ‘ಕೆಟ್ಟುಹೋದದ್ದು’. ನೋಡುತ್ತ ನಿಂತಿದ್ದ ಹೆಂಡತಿ ಮೇಜಿನ ಮೇಲಿನ ರಬ್ಬರಿನ ಪುಡಿ ಒರೆಸಿದರು.

ಪದಬಂಧ ಅಚ್ಚಾದ ದಿನ ಎಂಟಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು.

“ಅಣ್ಣಾ, ಮತ್ತೆ ತಪ್ಪು ಮಾಡಿದೀಯ.”

“ಹೌದೇನೋ?” ಎಂದರು ಎಷ್ಟಕ್ಷರಣ್ಣ, ಕುರ್ಚಿ ಎಳೆದುಕೊಂಡು ಕೂರುತ್ತ. “ಎಲ್ಲಿ? ನಿಧಾನಕ್ಕೆ ಹೇಳು.”